ಹಳಿಗಳ ಮೇಲಿನ ಸಾವು: ಅವಸರ ಯಾರದು?

ಮುಂಬಯಿಯ ಉಪನಗರ ರೈಲುಮಾರ್ಗಗಳಲ್ಲಿ 2023ನೆಯ ಇಸವಿಯೊಂದರಲ್ಲೇ 2,590 ಮಂದಿ ಪ್ರಾಣ ಕಳೆದುಕೊಂಡರು. ದಿನವೊಂದಕ್ಕೆ ಏಳರಂತೆ ಲೆಕ್ಕ. ಮರುವರ್ಷ ಈ ಅಂಕಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ಪ್ರಯಾಣಿಕರನ್ನು ದನಕರುಗಳಂತೆ ತುಂಬಿ ಸಾಗಿಸುವುದನ್ನು ಕಂಡು ನಾಚಿಕೆಯಾಗುತ್ತದೆಂದು ನ್ಯಾಯಪೀಠವು ಖೇದ ವ್ಯಕ್ತಪಡಿಸಿತು. ಸತ್ತವರಲ್ಲಿ ಸುಮಾರು ಅರ್ಧದಷ್ಟು ಜನ ಹಳಿ ದಾಟುವಾಗ ಗಾಡಿಗೆ ಸಿಕ್ಕವರು. ಚಲಿಸುವ ಗಾಡಿಯಿಂದ ಬಿದ್ದವರು ಅವರ ನಂತರದ ದೊಡ್ಡ ಗುಂಪು. ಯುದ್ಧವಿಲ್ಲ, ಭೂಕಂಪವಿಲ್ಲ, ಸಾಂಕ್ರಾಮಿಕ ಜಾಡ್ಯವೂ ಇಲ್ಲ. ಆದರೂ ಒಂದು ಹಳ್ಳಿಯಷ್ಟು ಜನ ಪ್ರತಿವರ್ಷ ಮನೆಯಿಂದ ಹೊರಟು ಮನೆ ಸೇರದೆ ಹೋಗುತ್ತಾರೆ.

ಈ ಸಾವುಗಳು ಸರಕಾರಿ ದಫ್ತರದಲ್ಲಿ ದಾಖಲಾಗುವ ಬಗೆಯನ್ನು ವಾಚಕರು ಗಮನಿಸಬೇಕು. ಹಳಿ ದಾಟಿ ಸತ್ತವನು ಅಲ್ಲಿ 'ಅತಿಕ್ರಮ ಪ್ರವೇಶ ಮಾಡಿದವನು'. 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಅಪ್ಪಣೆಯಿಲ್ಲದೆ ರೈಲ್ವೆಯ ಜಾಗದಲ್ಲಿ ಕಾಲಿಟ್ಟವನಿಗೆ ಆರು ತಿಂಗಳವರೆಗಿನ ಸಜೆ ಅಥವಾ ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡೂ ವಿಧಿಸಬಹುದು. ಗಾಡಿಯಿಂದ ಬಿದ್ದು ಸತ್ತ ಟಿಕೇಟುದಾರನ ಮನೆಯವರು ಅದೇ ಕಾಯಿದೆಯಡಿ ಪರಿಹಾರ ಕೇಳಬಹುದು. ಹಳಿ ದಾಟುತ್ತ ಸತ್ತವನ ಮನೆಯವರಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಸತ್ತವನೇ ಅಪರಾಧಿಯಾದ ಮೇಲೆ ವಿಚಾರಣೆ ಮುಗಿದಂತೆಯೇ. ಕುಂದಾಪುರದ ಕಡೆಯ ಒಂದು ಹಳ್ಳಿಯಲ್ಲಿ ತಾಯಿಯೊಬ್ಬಳಿಗೆ ಮಗನ ಹಣ ಬರುವುದು ನಿಲ್ಲುತ್ತದೆ, ಇಲ್ಲಿ ಒಂದು ಕಡತ ಮುಚ್ಚುತ್ತದೆ.

ಸಾರ್ವಜನಿಕರೂ ಈ ತೀರ್ಪನ್ನೇ ಒಪ್ಪಿಕೊಂಡಿದ್ದಾರೆ. 'ಅವಸರ ಮಾಡಿದ, ಸತ್ತ' ಎಂಬ ಮಾತು ಹೋಟೆಲಿನ ಗಲ್ಲಾದಿಂದ ಹಿಡಿದು ಕಛೇರಿಯ ಮೇಜಿನವರೆಗೆ ಎಲ್ಲೆಲ್ಲೂ ಕೇಳಿಬರುತ್ತದೆ. ಆದರೆ ಹಳಿ ದಾಟುವವರಲ್ಲಿ ರೈಲು ಕೊಲ್ಲುತ್ತದೆಂಬುದನ್ನು ಅರಿಯದವನು ಒಬ್ಬನಾದರೂ ಇದ್ದಾನೆಯೇ? ಧ್ವನಿವರ್ಧಕದಲ್ಲಿ ದಿನವಿಡೀ ಮೂರು ಭಾಷೆಗಳಲ್ಲಿ ಎಚ್ಚರಿಸುತ್ತಾರೆ, ಫಲಕಗಳಿವೆ, ದಂಡವಿದೆ. ತಿಳಿವಳಿಕೆಯ ಕೊರತೆಯೇ ಕಾರಣವಾಗಿದ್ದರೆ ಇಷ್ಟು ಉಪದೇಶಕ್ಕೆ ರೋಗ ಎಂದೋ ವಾಸಿಯಾಗಬೇಕಿತ್ತು. ಆಗಿಲ್ಲವೆಂದರೆ ನಿದಾನವೇ ತಪ್ಪಿರಬೇಕಷ್ಟೆ.

ಈ ದಿಸೆಯಲ್ಲಿ ಒಂದು ಪ್ರಯೋಗ ನಮ್ಮ ಮಗ್ಗುಲಲ್ಲೇ ನಡೆದಿತ್ತು. ಮಾಟುಂಗದ ನಮ್ಮ ಹೋಟೆಲುಗಳಿಂದ ಕಾಲ್ನಡಿಗೆಯ ದೂರದಲ್ಲಿರುವ, ಹಾರ್ಬರ್ ಮಾರ್ಗದ ವಡಾಳಾ ನಿಲ್ದಾಣದಲ್ಲಿ 2009ರ ಡಿಸೆಂಬರಿನಲ್ಲಿ ಅದು ಆರಂಭವಾಯಿತು. ಬಿಜು ಡೊಮಿನಿಕ್ ಮೊದಲಾದವರು ಕಟ್ಟಿದ 'ಫೈನಲ್ ಮೈಲ್' ಎಂಬ ಮುಂಬಯಿಯ ಸಲಹಾ ಸಂಸ್ಥೆಯು ಮನುಷ್ಯರ ನಡವಳಿಕೆಯನ್ನು ಅಭ್ಯಸಿಸುವಂಥದು. ಆ ಸಂಸ್ಥೆಯವರು ಉಪದೇಶಕ್ಕೆ ಹೋಗಲಿಲ್ಲ. ಜನರು ಹಳಿ ದಾಟುವುದನ್ನು ನಿಂತು ನೋಡಿದರು; ದಾಟುವವನ ಕಣ್ಣು, ಕಿವಿ, ಮನಸ್ಸು ಆ ಕ್ಷಣದಲ್ಲಿ ಏನು ಮಾಡುತ್ತವೆಂದು ವಿಚಾರಿಸಿದರು.

ಅವರಿಗೆ ಆಧಾರವಾದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಷೆಲ್ ಲೈಬೊವಿಟ್ಸ್ 1985ರಲ್ಲಿ ಪ್ರಕಟಿಸಿದ ಒಂದು ವಿಚಾರ. ಒಂದೇ ವೇಗದಲ್ಲಿ ಚಲಿಸುವ ಎರಡು ವಸ್ತುಗಳಲ್ಲಿ ದೊಡ್ಡದು ನಮ್ಮ ಕಣ್ಣಿಗೆ ನಿಧಾನವಾಗಿ ಬರುತ್ತಿರುವಂತೆ ತೋರುತ್ತದೆ. ಇಳಿಯುತ್ತಿರುವ ಭಾರಿ ವಿಮಾನವನ್ನು ಸಾಂತಾಕ್ರುಜಿನ ಬಳಿ ನಿಂತು ನೋಡಿದವರಿಗೆ ಇದರ ಅನುಭವವಿದ್ದೇ ಇರುತ್ತದೆ. ಅದು ಆಕಾಶದಲ್ಲಿ ತೇಲುತ್ತ ನಿಂತೇಬಿಟ್ಟಿತೇನೋ ಎನಿಸುತ್ತದೆ. ರೈಲಿನದೂ ಅದೇ ಮಾಯೆ. ಮೇಲಾಗಿ ಹಳಿಯ ನಡುವೆ ನಿಂತವನಿಗೆ ಗಾಡಿ ನೇರವಾಗಿ ಎದುರು ಬರುವುದರಿಂದ, ಬಹಳ ಹೊತ್ತಿನವರೆಗೆ ಅದರ ಆಕಾರ ಅಷ್ಟಕ್ಕಷ್ಟೇ ಇದ್ದು, ಕೊನೆಯ ಕೆಲವು ಕ್ಷಣಗಳಲ್ಲಿ ಮಾತ್ರ ಹಠಾತ್ತನೆ ಬೆಳೆದು ಮೈಮೇಲೆ ಬರುತ್ತದೆ. 'ಇನ್ನೂ ದೂರವಿದೆ' ಎಂದು ಅವನ ಕಣ್ಣು ಹೇಳುವ ಮಾತು ಅವನ ಅವಿವೇಕವಲ್ಲ. ಓದಿದವನಿಗೂ ಓದದವನಿಗೂ ಕಣ್ಣು ಹೀಗೆಯೇ ಮೋಸ ಮಾಡುತ್ತದೆ.

ಪರಿಹಾರವಾಗಿ ಅವರು ಮಾಡಿದ ಕೆಲಸಗಳು ಮೂರು, ಮೂರೂ ಅಗ್ಗದವು. ಮೊದಲನೆಯದಾಗಿ, ಹಳಿಗಳಡಿಯ ಸ್ಲೀಪರುಗಳಲ್ಲಿ ಕೆಲವಕ್ಕೆ ಅಂತರ ಬಿಟ್ಟು ಢಾಳಾದ ಹಳದಿ ಬಣ್ಣ ಬಳಿದರು. ಬರುವ ಗಾಡಿ ಈ ಹಳದಿ ಪಟ್ಟಿಗಳನ್ನು ಒಂದೊಂದಾಗಿ ನುಂಗುವುದು ಕಾಣುವುದರಿಂದ, ಅದರ ನಿಜವಾದ ವೇಗ ಕಣ್ಣಿಗೆ ಅಳತೆ ಸಿಕ್ಕಂತಾಗುತ್ತದೆ. ಎರಡನೆಯದಾಗಿ, ಜನ ದಾಟುವ ಸ್ಥಳಕ್ಕೆ ಮುಂಚೆಯೇ ಮೋಟರ್‌ಮ್ಯಾನ್ ಸೀಟಿ ಊದಬೇಕಾದ ಫಲಕ ನೆಟ್ಟು, ಒಂದೇ ಸಮನಾದ ಉದ್ದನೆಯ ಸೀಟಿಯ ಬದಲಾಗಿ ನಡುವೆ ಚೂರು ಬಿಡುವಿರುವ ಎರಡು ಗಿಡ್ಡ ಸೀಟಿಗಳನ್ನು ಊದಿಸಿದರು. ಎಡೆಬಿಡದ ಸದ್ದಿಗೆ ಕಿವಿ ಒಗ್ಗಿಹೋಗುತ್ತದೆ. ಸದ್ದಿನ ನಡುವಿನ ಮೌನವೇ ಮನಸ್ಸನ್ನು ತಟ್ಟಿ ಎಬ್ಬಿಸುವುದು. ಮೂರನೆಯದಾಗಿ, ಯಾರೂ ನೋಡದ ಗೊಂಬೆಚಿತ್ರದ ಫಲಕಗಳ ಬದಲು, ಗಾಡಿಗೆ ಸಿಲುಕುತ್ತಿರುವ ಮನುಷ್ಯನೊಬ್ಬನ ಭಯಗ್ರಸ್ತ ಮುಖದ ಛಾಯಾಚಿತ್ರಗಳನ್ನು ಸಾಲಾಗಿ ತೂಗುಹಾಕಿದರು. ಆ ಮುಖವನ್ನು ನೋಡಿದವನು ಅಕ್ಷರ ಓದಬೇಕಾದ ಅಗತ್ಯವಿಲ್ಲ.

ಪ್ರಯೋಗಕ್ಕೆ ಮುಂಚಿನ ಆರು ತಿಂಗಳಲ್ಲಿ ವಡಾಳಾದಲ್ಲಿ ಹಳಿ ದಾಟುತ್ತ ಸತ್ತವರು 23 ಮಂದಿ. 2010ರ ಜನವರಿಯಿಂದ ಜೂನ್‌ವರೆಗೆ ಆ ಸಂಖ್ಯೆ ಒಂಬತ್ತಕ್ಕೆ ಇಳಿಯಿತು. ಒಂದೇ ನಿಲ್ದಾಣದ, ಕೆಲವೇ ತಿಂಗಳ ಲೆಕ್ಕವಾದ್ದರಿಂದ ಇದನ್ನೇ ಸಿದ್ಧೌಷಧವೆಂದು ಸಾರುವುದು ಸರಿಯಲ್ಲ. ಹಳದಿ ಬಣ್ಣಕ್ಕೂ ಕಣ್ಣು ಒಂದು ದಿನ ಒಗ್ಗಿಹೋದೀತು, ಚಿತ್ರವೂ ಮಳೆಗೆ ಮಾಸೀತು. ಆದರೂ ಸಾವು ಇಳಿದುದು ಯಾರಿಗೂ ಬುದ್ಧಿ ಹೇಳಿದ್ದರಿಂದಲ್ಲ, ದಂಡ ಹಾಕಿದ್ದರಿಂದಲೂ ಅಲ್ಲ, ಸ್ಥಳವನ್ನು ತಿದ್ದಿದ್ದರಿಂದ. ನಮ್ಮ ದೃಷ್ಟಿಯಲ್ಲಿ ಈ ಪ್ರಯೋಗದ ಬೆಲೆಯೆಲ್ಲ ಇಲ್ಲಿಯೇ ಇದೆ.

ಹಾಗೆಂದು ಬಣ್ಣದ ಡಬ್ಬಿಯೊಂದಿದ್ದರೆ ಸಾಕೆಂದು ರೈಲ್ವೆಯವರು ಕೈತೊಳೆದುಕೊಳ್ಳುವುದನ್ನು ನಾವು ಒಪ್ಪಲಾರೆವು. ಅಗ್ಗದ ಉಪಾಯಗಳಲ್ಲಿ ಅಡಗಿರುವ ಅಪಾಯವೇ ಇದು: ದುಬಾರಿಯಾದ ಕರ್ತವ್ಯವನ್ನು ಅವು ಮರೆಸಿಬಿಡುತ್ತವೆ. ಅನಿಲ ಕಾಕೋಡ್ಕರರ ಅಧ್ಯಕ್ಷತೆಯ ಉನ್ನತ ಸಮಿತಿಯು 2012ರಲ್ಲಿ ಕೊಟ್ಟ ವರದಿಯಲ್ಲಿ, ದೇಶದಾದ್ಯಂತ ಹಳಿ ದಾಟಿ ಸಾಯುವವರು ವರ್ಷಕ್ಕೆ ಸುಮಾರು 15,000 ಮಂದಿಯೆಂದು ಹೇಳಿತ್ತು. ಹಳಿಯನ್ನು ಮೇಲಿನಿಂದ ದಾಟಲು ಸೇತುವೆಯಿಲ್ಲದ ಕಡೆ ಸೇತುವೆಯೇ ಬೇಕು; ಹಳದಿ ಪಟ್ಟಿ ಅದರ ಬದಲಿಯಲ್ಲ.

ಸೇತುವೆಗೆ ಹಣವಿಲ್ಲ, ಸಮಯ ಬೇಕು, ಮಂಜೂರಾತಿ ಬರಬೇಕು ಎಂಬುದು ಹಳೆಯ ರಾಗ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಪಾದಚಾರಿ ಸೇತುವೆಯ ಮೆಟ್ಟಿಲ ಮೇಲೆ ನೂಕುನುಗ್ಗಲಾಗಿ 23 ಮಂದಿ ಸತ್ತರು. ಕಾನೂನು ಪಾಲಿಸಿ, ಹಳಿ ದಾಟದೆ, ಸೇತುವೆ ಹತ್ತಿದವರೇ ಅವರು. ಅದಾದ ಮೇಲೆ ಭೂಸೈನ್ಯದವರನ್ನು ಕರೆಸಿ ಅಲ್ಲಿಯೂ ಕರಿ ರೋಡ್, ಅಂಬಿವಲಿಗಳಲ್ಲಿಯೂ ಹೊಸ ಸೇತುವೆಗಳನ್ನು ಕಟ್ಟಿಸಲಾಯಿತು. 2018ರ ಫೆಬ್ರವರಿ 27ರಂದು ಅವು ಜನರ ಉಪಯೋಗಕ್ಕೆ ತೆರೆದವು. ಐದು ತಿಂಗಳಲ್ಲಿ ಮೂರು ಸೇತುವೆಗಳು. ಆ ನಿಲ್ದಾಣಕ್ಕೆ ಈಗ ಪ್ರಭಾದೇವಿ ಎಂಬ ಹೆಸರಿದೆ. ಒಂದೇ ಬೆಳಿಗ್ಗೆ 23 ಮಂದಿ ಸತ್ತರೆ ಸೈನ್ಯ ಬರುತ್ತದೆ. ದಿನಕ್ಕೆ ಏಳರಂತೆ ಬಿಡಿಬಿಡಿಯಾಗಿ ಸತ್ತರೆ ಪೇದೆ ಮತ್ತು ಕೈಗಾಡಿ ಮಾತ್ರ ಬರುತ್ತವೆ. ಇದು ಕಟುವಾದ ಮಾತಾದರೂ ಆಡದೆ ವಿಧಿಯಿಲ್ಲ.

ಸೇತುವೆ ಎಲ್ಲಿ ಬೇಕೆಂಬುದನ್ನು ನಿರ್ಣಯಿಸಲು ಹೊಸ ಆಯೋಗವೇನೂ ಬೇಡ, ಒಂದು ನಕ್ಷೆ ಸಾಕು. 1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ಗುರುತು ಹಾಕುತ್ತ ಹೋದರು. ಗುರುತುಗಳೆಲ್ಲ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ನೆರೆದುವು. ಅವರ ಮಾತಿನ ಮೇಲೆ ಪಂಪಿನ ಹಿಡಿಯನ್ನೇ ಕಳಚಿದರು. ಸತ್ತವರ ಚಟಗಳ ವಿಚಾರಣೆಗೆ ಅವರು ಹೋಗಲಿಲ್ಲ, ಸಾವಿನ ಸ್ಥಳವನ್ನು ವಿಚಾರಿಸಿದರು. ನಮ್ಮ ದೇಶದ ರಸ್ತೆಗಳ ಮಟ್ಟಿಗೆ ಈ ವಿವೇಕ ತಡವಾಗಿಯಾದರೂ ಬಂದಿದೆ. ಮದ್ರಾಸಿನ ಐ.ಐ.ಟಿ.ಯವರು ರಾಷ್ಟ್ರೀಯ ಮಾಹಿತಿ ಕೇಂದ್ರದೊಡನೆ ರೂಪಿಸಿದ, 2021ರಲ್ಲಿ ಬಳಕೆಗೆ ಬಂದ ಅಪಘಾತ ದಾಖಲೆಯ ಕ್ರಮದಲ್ಲಿ, ಪೊಲೀಸರು ಸ್ಥಳಕ್ಕೆ ಹೋಗಿ ಮೊಬೈಲಿನಲ್ಲಿಯೇ ಅಪಘಾತದ ನಿಖರವಾದ ಜಾಗವನ್ನು ನಕ್ಷೆಯ ಮೇಲೆ ದಾಖಲಿಸುತ್ತಾರೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರಿನ ಒಂದು ತುಂಡಿನಲ್ಲಿ ಮೂರು ವರ್ಷಗಳೊಳಗೆ ಹತ್ತು ಮಂದಿ ಸತ್ತರೆ, ಅಥವಾ ಸಾವು ಇಲ್ಲವೆ ತೀವ್ರ ಗಾಯ ಸಂಭವಿಸಿದ ಐದು ಅಪಘಾತಗಳಾದರೆ, ಅದನ್ನು 'ಬ್ಲ್ಯಾಕ್ ಸ್ಪಾಟ್' ಎಂದು ಗುರುತಿಸಿ ತಿದ್ದಬೇಕೆಂಬ ನಿಯಮವೂ ಇದೆ. ತಿದ್ದುತ್ತಾರೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ತಿದ್ದದಿದ್ದರೆ ಬೆರಳಿಟ್ಟು ತೋರಿಸಲು ಒಂದು ಜಾಗವಾದರೂ ಸಿಕ್ಕಿತು.

ರೈಲುಮಾರ್ಗದಲ್ಲಿ ಇಂಥ ನಕ್ಷೆ ಮಾಡುವುದು ರಸ್ತೆಗಿಂತ ಸುಲಭ. ಹಳಿಯ ಪಕ್ಕದ ಪ್ರತಿಯೊಂದು ಕಂಬಕ್ಕೂ ಕಿಲೋಮೀಟರಿನ ಸಂಖ್ಯೆಯಿದೆ. ರೈಲ್ವೆ ಪೊಲೀಸರ ಪಂಚನಾಮೆಯಲ್ಲಿ ಆ ಸಂಖ್ಯೆ ಸೇರುತ್ತದೆ. ಠಾಣೆವಾರು ಸಾವುಗಳ ಪಟ್ಟಿ ಮಾಹಿತಿ ಹಕ್ಕಿನ ಅರ್ಜಿಗಳ ಮೂಲಕ ವರ್ಷವರ್ಷವೂ ಪತ್ರಿಕೆಗಳಿಗೆ ಬರುತ್ತದೆ. ಕಲ್ಯಾಣ, ಠಾಣೆ, ಕುರ್ಲಾ ಮುಂತಾದ ಅವೇ ಹೆಸರುಗಳು ಮೇಲಿನ ಸಾಲಿನಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಆದರೆ ಠಾಣೆಯ ಹೆಸರು ತಿಳಿದರೆ ಸಾಲದು. ಒಂದು ಠಾಣೆಯ ವ್ಯಾಪ್ತಿ ಮೈಲಿಗಟ್ಟಲೆ ಇರುತ್ತದೆ. ಯಾವ ಕಂಬದ ಬಳಿ, ಯಾವ ಹೊತ್ತಿನಲ್ಲಿ, ಯಾವ ದಿಕ್ಕಿಗೆ ಹೋಗುವಾಗ ಎಂಬುದನ್ನು ಪ್ರಕಟಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಸತ್ತವರ ಹೆಸರು ಬೇಡ. ಕಂಬದ ಸಂಖ್ಯೆ ಮತ್ತು ಗಂಟೆ ಕೊಟ್ಟರೆ ಯಾರ ಮಾನವೂ ಹೋಗದು.

ಇನ್ನೊಂದು ನಕ್ಷೆಯನ್ನು ಜನರೇ ಬರೆದಿಟ್ಟಿದ್ದಾರೆ. ಹಳಿಯ ಗೋಡೆಯಲ್ಲಿ ಎಲ್ಲೆಲ್ಲಿ ಕಿಂಡಿಯಿದೆಯೋ, ಎಲ್ಲೆಲ್ಲಿ ಕಲ್ಲುಜಲ್ಲಿಯ ನಡುವೆ ಕಾಲುದಾರಿ ಸವೆದಿದೆಯೋ ಅಲ್ಲೆಲ್ಲ ಸಾವಿರಾರು ಪಾದಗಳು ಸಹಿ ಹಾಕಿದ ಮನವಿಪತ್ರವಿದೆ. ಇಂಜಿನಿಯರರು ಗೋಡೆ ಮುಚ್ಚಿಸುತ್ತಾರೆ, ವಾರದೊಳಗೆ ಕಿಂಡಿ ಮತ್ತೆ ತೆರೆಯುತ್ತದೆ. ಮುಚ್ಚುವ ಖರ್ಚನ್ನು ಕೂಡಿಡುತ್ತ ಬಂದಿದ್ದರೆ ಎಷ್ಟೋ ಕಡೆ ಮೆಟ್ಟಿಲಾದರೂ ಏಳುತ್ತಿತ್ತೇನೋ. ಜನರ ಕಾಲು ಹೋಗುವ ಕಡೆಯನ್ನು ಲಕ್ಷಿಸದೆ ಕಟ್ಟಿದರೆ ಏನಾಗುತ್ತದೆಂಬುದಕ್ಕೂ ಈ ನಗರದಲ್ಲಿ ಸಾಕ್ಷಿಯಿದೆ. ಬಾಂದ್ರಾ ಪೂರ್ವದಲ್ಲಿ 2008ರಲ್ಲಿ ಮೊದಲ 'ಸ್ಕೈವಾಕ್' ತೆರೆಯಿತು. ಮುಂದೆ ಅಂಥವು ಹತ್ತಾರು ಎದ್ದವು. ಅವುಗಳಲ್ಲಿ ಕೆಲವು ಜನರಿಂದ ತುಂಬಿರುತ್ತವೆ. ಎಷ್ಟೋ ಕಡೆ ಮೇಲೆ ಬಿಕೋ ಎನ್ನುವ ಸೇತುವೆ, ಕೆಳಗೆ ಕಿಕ್ಕಿರಿದ ರಸ್ತೆ. ಹನ್ನೆರಡು ಗಂಟೆ ನಿಂತು ದುಡಿದ ಕಾಲುಗಳಿಗೆ ಮೂರು ಮಾಳಿಗೆಯೆತ್ತರ ಹತ್ತಿ ಇಳಿ ಎಂದರೆ ಅವು ಬೇರೆ ದಾರಿ ಹುಡುಕದೆ ಇರುವುವೇ? ಕೈಯಲ್ಲಿನ ಮೊಬೈಲಿನ ನಕ್ಷೆ ದೂರವನ್ನೂ ನಿಮಿಷವನ್ನೂ ಎಣಿಸಿ ಹೇಳುತ್ತದೆ. ಮೊಣಕಾಲಿನ ನೋವನ್ನು ಎಣಿಸುವುದಿಲ್ಲ.

ರಸ್ತೆಯ ಮಾತನ್ನು ಇಷ್ಟಕ್ಕೇ ಬಿಡಲಾಗದು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು, 74,897 ಮಂದಿ ದ್ವಿಚಕ್ರವಾಹನದವರು. ಕಾರಿನಲ್ಲಿ ಹೋಗುವವರ ಅನುಕೂಲಕ್ಕಾಗಿ ರಸ್ತೆಗಳನ್ನು ಅಗಲ ಮಾಡುವ ದೇಶದಲ್ಲಿ ಸಾಯುವವರು ಬಹುತೇಕ ಕಾರಿಲ್ಲದವರೇ. ದೆಹಲಿ ಐ.ಐ.ಟಿ.ಯ ದಿವಂಗತ ದಿನೇಶ್ ಮೋಹನ್ ಮತ್ತು ಅವರ ಸಹೋದ್ಯೋಗಿ ಗೀತಂ ತಿವಾರಿಯವರು ದಶಕಗಳ ಕಾಲ ಎತ್ತಿ ತೋರಿಸುತ್ತ ಬಂದ ಸಂಗತಿ ಇದು. ವಾಹನಗಳ ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಸಂಭವ ನೂರಕ್ಕೆ ನಾಲ್ಕರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈಚೆಗೆ ನಮ್ಮ ಎಷ್ಟೋ ಹುಡುಗರು ಹೋಟೆಲಿನ ಒಳಗಿನ ಕೆಲಸ ಬಿಟ್ಟು, ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು ಸ್ಕೂಟರಿನಲ್ಲಿ ತಿಂಡಿ ತಲಪಿಸುವ ಕೆಲಸಕ್ಕೆ ಸೇರಿದ್ದಾರೆ. ನಿಮಿಷದ ಲೆಕ್ಕಕ್ಕೆ ಅವರನ್ನು ಓಡಿಸುವ ಕಂಪನಿಗಳೂ, ಮಸಾಲೆ ದೋಸೆ ಆರಿಹೋಯಿತೆಂದು ಗದರುವ ಗಿರಾಕಿಗಳೂ ಈ ನೂರಕ್ಕೆ ನಾಲ್ಕರ ಲೆಕ್ಕವನ್ನು ಒಮ್ಮೆ ನೆನೆದರೆ ಒಳಿತು.

ಅಲ್ಲಿಗೆ ನಮ್ಮ ಮೊದಲಿನ ಪ್ರಶ್ನೆಗೇ ಬಂದೆವು. ಹಳಿ ದಾಟುವವನ ಅವಸರ ನಿಜವಾಗಿ ಯಾರದು?

ಹೋಟೆಲಿನಲ್ಲಿ ಕೊನೆಯ ಗಿರಾಕಿ ಎದ್ದ ಮೇಲೆ ಮೇಜು ಒರೆಸಬೇಕು, ಪಾತ್ರೆ ತಿಕ್ಕಬೇಕು, ನಾಳೆಯ ಹಿಟ್ಟು ರುಬ್ಬಿಡಬೇಕು. ನಡುರಾತ್ರಿ ದಾಟಿದ ಮೇಲೆ ಶಟರು ಎಳೆಯುವ ಹುಡುಗನಿಗೆ ಕೊನೆಯ ಲೋಕಲ್ ತಪ್ಪಿದರೆ ರಾತ್ರಿಯಿಡೀ ಬಯಲೇ ಗತಿ. ನಸುಕಿನಲ್ಲಿ ಒಲೆ ಹೊತ್ತಿಸಬೇಕಾದ ಅಡಿಗೆ ಭಟ್ಟರಿಗೆ ಮೊದಲ ಗಾಡಿ ತಪ್ಪಿದರೆ ಯಜಮಾನರ ಮುಖ ನೋಡುವಂತಿಲ್ಲ. ಗುಮಾಸ್ತನಿಗೆ ಮಸ್ಟರಿನ ಭಯ: ಮೂರು ದಿನ ತಡವಾದರೆ ಅರ್ಧ ದಿನದ ರಜೆ ಕಡಿತ ಎಂಬಂಥ ನಿಯಮ ಎಷ್ಟೋ ಕಛೇರಿಗಳಲ್ಲಿದೆ, ಈಗ ಮಸ್ಟರಿನ ಜಾಗಕ್ಕೆ ಬೆರಳೊತ್ತುವ ಯಂತ್ರ ಬಂದಿದೆ, ಅದಕ್ಕೆ ಕೈಮುಗಿದರೂ ಕರುಣೆಯಿಲ್ಲ. ಹೀಗೆ ಹಳಿಯ ಮೇಲೆ ಓಡುವ ಕಾಲುಗಳು ಅವನವಾದರೂ, ಓಡಿಸುವ ಗಡಿಯಾರ ಇನ್ನೊಬ್ಬರ ಗೋಡೆಯ ಮೇಲಿರುತ್ತದೆ.

ಗಡಿಯಾರವನ್ನು ಸಡಿಲಿಸಬಹುದೆಂಬುದನ್ನು ರೈಲ್ವೆಯವರೇ ಮಾಡಿ ತೋರಿಸಿದ್ದಾರೆ. ಮಧ್ಯ ರೈಲ್ವೆಯ ಮುಂಬಯಿ ವಿಭಾಗವು 2023ರ ನವೆಂಬರಿನಿಂದ ತನ್ನ ಕಛೇರಿಯ ನೌಕರರಿಗೆ ಎರಡು ಬೇರೆ ಬೇರೆ ವೇಳೆಗಳನ್ನು ಗೊತ್ತುಮಾಡಿ, ಒಂದು ತಂಡ ಬೆಳಿಗ್ಗೆ ಒಂಬತ್ತೂವರೆಗೂ ಇನ್ನೊಂದು ಹನ್ನೊಂದೂವರೆಗೂ ಬರುವಂತೆ ಮಾಡಿತು. ಉಳಿದ ಕಛೇರಿಗಳೂ ಹಾಗೆ ಮಾಡಲೆಂದು ಮನವಿಯನ್ನೂ ಮಾಡಿತು. ಆ ಮನವಿಗೆ ಓಗೊಟ್ಟವರು ಕಡಿಮೆ. ಸರಕಾರಿ ಕಛೇರಿಗಳ, ಬ್ಯಾಂಕುಗಳ ವೇಳೆ ನಮ್ಮ ಕೈಯಲ್ಲಿಲ್ಲವೆಂದು ನಾವು ಸುಮ್ಮನಿರಬಹುದು. ಆದರೆ ಹೋಟೆಲುಗಳೋ? ಈ ನಗರದ ಹೋಟೆಲುಗಳ ಯಜಮಾನರಲ್ಲಿ ನಮ್ಮವರು ಎಷ್ಟು ಮಂದಿಯೆಂದು ನಾವು ಹೇಳಬೇಕಾಗಿಲ್ಲ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಲಕ್ಷಗಟ್ಟಲೆ ಕೊಡುವ ಉದಾರಿಗಳು ಅವರಲ್ಲಿ ಬಹಳ. ಅದನ್ನು ನಾವು ಮೆಚ್ಚುತ್ತೇವೆ. ಅವರಲ್ಲಿ ನಮ್ಮ ಬಿನ್ನಹವಿಷ್ಟೆ: ರಾತ್ರಿ ಪಾಳಿಯವರನ್ನು ಕೊನೆಯ ಲೋಕಲಿಗೆ ಅರ್ಧ ಗಂಟೆ ಮೊದಲೇ ಬಿಡತಕ್ಕದ್ದು, ಅದಾಗದಿದ್ದರೆ ಹೋಟೆಲಿನಲ್ಲಿಯೇ ಮಲಗಲು ಗಾಳಿಬೆಳಕಿರುವ ಜಾಗ ಕೊಡತಕ್ಕದ್ದು. ಬೆಳಗಿನ ಪಾಳಿಯವರು ಕಾಲು ಗಂಟೆ ತಡವಾದರೆ ಸಂಬಳ ಮುರಿಯಬಾರದು. ಇದರಿಂದ ಹೋಟೆಲಿಗೆ ಆಗುವ ನಷ್ಟ ನಾಲ್ಕಾರು ಚಹಾದ ಬೆಲೆಯಷ್ಟು.

ಕಾರ್ಮಿಕ ಬಂಧುಗಳಿಗೂ ಎರಡು ಮಾತು. ಘಟ್ಟದ ಕೆಳಗಿನಿಂದ ಹೊಸದಾಗಿ ಬಂದ ಹುಡುಗನಿಗೆ ಲೋಕಲ್ ಗಾಡಿಯ ವೇಗದ ಅಂದಾಜಿರುವುದಿಲ್ಲ. ಅವನು ಕಂಡದ್ದು ಊರಿನ ಬಸ್ಸು. ಜೊತೆಗಿರುವ ಹಿರಿಯ ಮಾಣಿಯು ಅವನಿಗೆ ತಟ್ಟೆ ಎತ್ತುವುದನ್ನು ಕಲಿಸುವ ಮೊದಲು ನಿಲ್ದಾಣದ ಸೇತುವೆ ಎಲ್ಲಿದೆಯೆಂದು ಕರೆದೊಯ್ದು ತೋರಿಸಲಿ. 'ದೊಡ್ಡದು ನಿಧಾನವಾಗಿ ಬರುತ್ತಿರುವಂತೆ ಕಾಣುತ್ತದೆ, ನಿನ್ನ ಕಣ್ಣನ್ನು ನಂಬಬೇಡ ತಮ್ಮಾ' ಎಂದು ಹೇಳಿದರೆ, 'ಹಳಿ ದಾಟಬೇಡ' ಎಂಬ ಆಜ್ಞೆಗಿಂತ ಅದು ಮನಸ್ಸಿನಲ್ಲಿ ಹೆಚ್ಚು ದಿನ ನಿಂತೀತು. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡವನಿಗೆ ವಡಾಳಾದ ಎರಡು ಸೀಟಿಯೂ ಕೇಳಿಸದು, ಹತ್ತು ಸೀಟಿಯೂ ಕೇಳಿಸದು. ಕಿಸೆಯಲ್ಲಿ ಹೆಸರು, ಕೆಲಸದ ಸ್ಥಳ, ಊರಿನವರ ದೂರವಾಣಿ ಸಂಖ್ಯೆ ಬರೆದ ಒಂದು ಚೀಟಿ ಇರಲಿ. ಮೊಬೈಲು ಒಡೆದು ಹೋಗುತ್ತದೆ, ಬೀಗ ಹಾಕಿದ್ದರೆ ತೆರೆಯುವುದೂ ಇಲ್ಲ. ಗುರುತು ಸಿಗದೆ ಶವಾಗಾರದಲ್ಲಿ ಉಳಿಯುವವರಲ್ಲಿ ಪರಸ್ಥಳದವರೇ ಅಧಿಕ. ಅಶುಭದ ಮಾತೆಂದು ಇದನ್ನು ತಳ್ಳಿಹಾಕುವ ಕಾಲ ಇದಲ್ಲ.

ಮುಂಬಯಿಯ ಕನ್ನಡ ಸಂಘಗಳು ಈ ವರ್ಷ ನಾಟಕ, ಯಕ್ಷಗಾನ, ಸನ್ಮಾನ ಸಮಾರಂಭಗಳ ನಡುವೆ ಒಂದು ಭಾನುವಾರವನ್ನು ಇದಕ್ಕೆ ಮೀಸಲಿಡಬಹುದು. ತಮ್ಮ ತಮ್ಮ ಉಪನಗರದಲ್ಲಿ ಜನ ಹಳಿ ದಾಟುವ ಕಿಂಡಿಗಳನ್ನು ಗೋಡೆಯ ಹೊರಗಿನಿಂದಲೇ ನೋಡಿ, ಮೊಬೈಲಿನ ನಕ್ಷೆಯ ಮೇಲೆ ಗುರುತು ಹಾಕಿ, ಒಂದು ಗಂಟೆಯಲ್ಲಿ ಎಷ್ಟು ಜನ ದಾಟಿದರೆಂದು ಎಣಿಸಿ ಬರೆದುಕೊಂಡರೆ, ಆ ಕಾಗದವನ್ನು ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೂ ರೈಲ್ವೆ ಪೊಲೀಸ್ ಕಮಿಶನರರಿಗೂ ಕಳುಹಿಸಬಹುದು. ಸಭೆ ಕರೆದು ಠರಾವು ಮಾಡಿ ಕಳುಹಿಸುವ ಅರ್ಜಿಗಿಂತ ಎಣಿಕೆಯುಳ್ಳ ಅರ್ಜಿಗೆ ಉತ್ತರ ಕೊಡದಿರುವುದು ಅಧಿಕಾರಿಗಳಿಗೆ ಕಷ್ಟ. ಅದರ ಒಂದು ಪ್ರತಿ ಈ ಪತ್ರಿಕೆಗೂ ಬರಲಿ. ನಿಲ್ದಾಣದ ಯಾವ ತುದಿ, ಯಾವ ಹೊತ್ತು, ಎಷ್ಟು ಮಂದಿ, ಹತ್ತಿರದ ಸೇತುವೆಗೆ ಎಷ್ಟು ಹೆಜ್ಜೆ ಎಂಬಿಷ್ಟು ಬರೆದಿದ್ದರೆ ಸಾಕು, ಪ್ರಕಟಿಸುತ್ತೇವೆ.